ಡಿಗ್ರಿ ಎಷ್ಟು ಬಂತು?

ನಮ್ಮೂರಿನ ಹಾಲಿನ ಡೈರಿಯಲ್ಲಿ ಈ ಪ್ರಶ್ನೆ ದಿನಕ್ಕೆರಡು ಹೊತ್ತು ಕೇಳಿಸುತ್ತದೆ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಆರರಿಂದ ಏಳೂವರೆ. ಕ್ಯಾನು ತಂದವರು ಹಾಲು ಸುರಿದು, ಲ್ಯಾಕ್ಟೋಮೀಟರ್ ತೇಲುವುದನ್ನೇ ನೋಡುತ್ತ ನಿಂತು 'ಡಿಗ್ರಿ ಎಷ್ಟು ಬಂತವ್ವ?' ಅನ್ನುತ್ತಾರೆ. ಬಗ್ಗಿ ಗೆರೆ ನೋಡಿ 'ಇಪ್ಪತ್ತೆಂಟು' ಅಂದರೆ ಮುಖ ಅರಳುತ್ತದೆ. 'ಇಪ್ಪತ್ನಾಕು' ಅಂದರೆ ಎಳೆ ಹುಲ್ಲಿನಿಂದ ಹಿಡಿದು ನಿನ್ನೆಯ ಮಳೆಯವರೆಗೆ ನೂರು ಕಾರಣ ಬರುತ್ತವೆ, ನೀರೊಂದನ್ನು ಬಿಟ್ಟು. ಹೊಳೆನರಸೀಪುರದ ಕಡೆಯ ಈ ಊರಿನಲ್ಲಿ ನಾನು ಹನ್ನೊಂದು ವರ್ಷದಿಂದ ಹಾಲು ಪರೀಕ್ಷಕಿ. ಮೂರು ವರ್ಷದ ಹಿಂದೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದ ಸುದ್ದಿ ಹರಡಿದ ಮೇಲೆ ಅದೇ ಪ್ರಶ್ನೆ ನನ್ನ ಕಡೆಗೂ ತಿರುಗಿತು. 'ನಮ್ದು ಹಂಗಿರ್ಲಿ, ನಿಂದು ಡಿಗ್ರಿ ಎಷ್ಟು ಬಂತವ್ವ?'

'ಸೇರಿದ' ಎಂದು ಬರೆದೆನಲ್ಲ, ಆ ಮಾತನ್ನು ನಮ್ಮ ಕಡೆ ಯಾರೂ ಆಡುವುದಿಲ್ಲ. ದಿನಾ ಬ್ಯಾಗು ಹಾಕಿಕೊಂಡು ಹೋಗುವವರು ಕಾಲೇಜು ಓದುತ್ತಾರೆ. ಮನೆಯಲ್ಲಿದ್ದುಕೊಂಡು ಓದುವವರು ಪರೀಕ್ಷೆ ಕಟ್ಟುತ್ತಾರೆ. ಮೊದಲು ಕಟ್ಟುವುದು ಫೀಸು, ಆಮೇಲೆ ಬರುವುದು ಪುಸ್ತಕದ ಕಟ್ಟು, ಅದನ್ನು ಬಿಚ್ಚಿ ಹರಡಿಕೊಳ್ಳುವ ಹೊತ್ತಿಗೆ ಪರೀಕ್ಷೆ. ನಮ್ಮತ್ತೆ ಹಿಗ್ಗಿನಲ್ಲಿ ಪಕ್ಕದೂರಿನ ಬೀಗರ ಹತ್ತಿರ 'ನಮ್ ಸೊಸೆ ಎಮ್ಮೆ ಕಟ್ಟವ್ಳೆ' ಅಂದರಂತೆ. 'ಎಷ್ಟು ಲೀಟ್ರು ಕೊಡ್ತದೆ?' ಎಂದು ಅವರು ಕೇಳಿದರಂತೆ. ಡೈರಿಯಲ್ಲಿ ಕೆಲಸ ಮಾಡುವವಳು ಒಂದು ಎಮ್ಮೆ ಕಟ್ಟಿದರೆ ಅದರಲ್ಲಿ ಆಶ್ಚರ್ಯವೇನಿದೆ? ಎರಡು ವರ್ಷ ಮೇವು ನೀರು ನೋಡಿಕೊಳ್ಳಬೇಕಾದ್ದು ಎರಡಕ್ಕೂ ಒಂದೇ. ಹಾಲು ಯಾವಾಗ ಇಳಿಯುತ್ತದೋ ಹೇಳಲಾಗದ್ದೂ ಒಂದೇ.

ಪೇಟೆ ಕಡೆಯ ನೆಂಟರು ಕೇಳುವ ಧಾಟಿ ಬೇರೆ. 'ಓ, ಕರೆಸ್ಪಾಂಡೆನ್ಸಾ?' ಕೊನೆಯಲ್ಲಿ ಬರುವ ಆ ಸ್ವರ ದೀರ್ಘವಲ್ಲ, ವ್ಯಾಕರಣದ ಲೆಕ್ಕದಲ್ಲಿ ಪ್ಲುತ. ಮೂರು ಮಾತ್ರೆಯಷ್ಟು ಎಳೆಯುತ್ತದೆ. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಪ್ಲುತ ಇನ್ನೂ ಹ್ರಸ್ವವಾಗಿಲ್ಲ. ಜನರ ಅನುಮಾನಕ್ಕೆ ಬುಡವೇ ಇಲ್ಲ ಅನ್ನಲಾರೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012–13ರ ಆಚೆಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ನಡುವೆ ಸಿಕ್ಕಿಕೊಂಡವರ ಕಷ್ಟ ಪತ್ರಿಕೆ ಓದಿದವರಿಗೆಲ್ಲ ಗೊತ್ತು. ನಾನು ಕಟ್ಟಿದ್ದು ಆ ಬಿರುಗಾಳಿ ನಿಂತ ಮೇಲೆ.

ದೂರದಿಂದ ಕಲಿಸುವುದು ಹೊಸದೇನಲ್ಲ, ಹೆಚ್ಚುಕಮ್ಮಿ ಅಂಚೆಯ ಓರಗೆಯದು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗುವಂತಾಯಿತು. ಆದದ್ದೇ ತಡ, ಐಸಾಕ್ ಪಿಟ್‌ಮನ್ ಎಂಬಾತ ತನ್ನ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದ. ಶಿಷ್ಯರು ಬರೆದು ಕಳಿಸುವುದು, ಆತ ತಿದ್ದಿ ಹಿಂದಕ್ಕೆ ಕಳಿಸುವುದು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಈ ದಾರಿ ಹಿಡಿಯಿತು, ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ರಾಜಸನದು ಸಿಕ್ಕಿದ್ದೂ ಅದೇ 1969ರಲ್ಲಿ. ಮಂತ್ರಿಯಾಗಿ ಹಟ ಹಿಡಿದು ಅದನ್ನು ಕಟ್ಟಿಸಿದ ಜೆನ್ನಿ ಲೀ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಅಲ್ಲಿಯ ಪಾಠಗಳು ಬಿಬಿಸಿಯಲ್ಲಿ ನಡುರಾತ್ರಿಯಲ್ಲೋ ನಸುಕಿನಲ್ಲೋ ಬರುತ್ತಿದ್ದವು, 2006ರವರೆಗೂ ಬಂದವು. ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪುಟ್ಟ ಸೂಕ್ಷ್ಮದರ್ಶಕವನ್ನೇ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ನಸುಕಿನಲ್ಲೆದ್ದು ಟಿವಿ ಮುಂದೆ ಕೂತ ಆ ಹೆಂಗಸರು, ಗಂಡಸರು ನನ್ನ ಕಣ್ಣಿಗೆ ಕಟ್ಟುತ್ತಾರೆ. ನಮ್ಮ ಡೈರಿಯ ದೀಪ ಹತ್ತುವುದೂ ಅದೇ ಹೊತ್ತಿಗೆ.

ಆ ಕಾಲದಲ್ಲಿ ಕನ್ನಡದಲ್ಲಿ ಇದಕ್ಕೆ 'ಅಂಚೆ ತೆರಪಿನ ಶಿಕ್ಷಣ' ಎಂಬ ಹೆಸರಿತ್ತು. ಈಗ ದೂರಶಿಕ್ಷಣ ಅನ್ನುತ್ತಾರೆ. ನನಗೆ ಹಳೆಯದೇ ಹೆಚ್ಚು ಇಷ್ಟ. ದೂರ ಎಂದಾಗ ಮನಸ್ಸಿಗೆ ಬರುವುದು ಊರಿಂದ ಮೈಸೂರಿಗೆ ಇರುವ ಕಿಲೋಮೀಟರು. ಅದು ನಿಜವಾದ ತೊಂದರೆಯೇ ಅಲ್ಲ, ರೈಲು ಹತ್ತಿದರೆ ಮುಗಿಯಿತು. ತೊಂದರೆ ಇರುವುದು ತೆರಪಿನದು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಮೇಲುನೋಟಕ್ಕೆ ಹತ್ತೂವರೆ ಗಂಟೆ ಬಿಡುವಿದೆ. ಅದರಲ್ಲಿ ಅಡುಗೆ, ಮಗಳ ಬುತ್ತಿ, ಹಸುವಿನ ಮೈ ತೊಳೆಯುವುದು, ಡೈರಿಯ ಲೆಕ್ಕ, ಕ್ಯಾನು ತೊಳೆಯಿಸುವುದು ಎಲ್ಲ ಕಳೆದರೆ ಉಳಿಯುವುದು ಹನ್ನೊಂದೂವರೆಯಿಂದ ಒಂದೂವರೆ. ಯಾರೂ ಸಾಯದೆ, ಯಾರ ಮನೆಯಲ್ಲೂ ಗೃಹಪ್ರವೇಶವಿಲ್ಲದೆ, ಕರೆಂಟಿರುವಾಗಲೇ ಮೋಟರು ಹಾಕಿ ಬಾ ಎಂದು ಯಾರೂ ಕೂಗದೆ ಇದ್ದರೆ ಎರಡು ಗಂಟೆ. ಮದುವೆ ತಿಂಗಳಲ್ಲಿ ಅದೂ ಇಲ್ಲ. ಆ ಎರಡು ಗಂಟೆಯ ಕಾವಲಿಗೆ ನಮ್ಮತ್ತೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಅಕ್ಷರ ಬಾರದ ಅವರಿಗೆ ನಾನು ಓದುವುದೇನೆಂದು ಗೊತ್ತಿರಲಿಲ್ಲ. ಬಂದವರಿಗೆ 'ಅವ್ಳು ಇಲ್ಲ, ಮೈಸೂರಲ್ಲವ್ಳೆ' ಎಂದು ಹೇಳಿ ಕಳಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ವಡ್ಡಾರಾಧನೆ ತೆರೆದುಕೊಂಡು ಕೂತ ನನಗೆ ಅದು ಕೇಳಿಸುತ್ತಿತ್ತು. ಅವರು ಹೇಳಿದ್ದರಲ್ಲಿ ಪೂರಾ ಸುಳ್ಳೂ ಇರಲಿಲ್ಲ ಅನ್ನಿಸುತ್ತಿತ್ತು.

ಸಿದ್ಧಪಾಠದ ಪುಸ್ತಕ ನೋಡದವರಿಗೆ ಅದರ ರೀತಿ ಹೇಳಬೇಕು. ಪ್ರತಿ ಘಟಕವೂ ಉದ್ದೇಶದಿಂದ ಶುರುವಾಗುತ್ತದೆ, ಪೀಠಿಕೆ, ವಿಷಯ, ಸಾರಾಂಶ ಎಂದು ಸಾಗುತ್ತದೆ. ಎಲ್ಲ ಕಡೆಯೂ 'ನೀವು'. ಈ ಘಟಕ ಓದಿದ ಮೇಲೆ ನಿಮಗೆ ಇಂಥಿಂಥದು ತಿಳಿಯುತ್ತದೆ, ಹಿಂದಿನ ಘಟಕದಲ್ಲಿ ನೀವು ಇದನ್ನು ಗಮನಿಸಿದ್ದೀರಿ. ಮೊದಮೊದಲು ನಗು ಬರುತ್ತಿತ್ತು. ಮನೆಯಲ್ಲಿ ನನಗೆ ನೀವು ಅನ್ನುವವರು ಯಾರೂ ಇರಲಿಲ್ಲ. ಡೈರಿಯಲ್ಲಿ ಹಾಲು ಟೆಸ್ಟು ಮಾಡಲು ಬರುವ ಸೂಪರ್‌ವೈಸರ್ ಒಬ್ಬರೇ ಅನ್ನುತ್ತಿದ್ದದ್ದು, ಅದೂ ತಪ್ಪು ಹುಡುಕುವಾಗ. ದಿನಾ ಎರಡು ಗಂಟೆ ಕಾಣದ ಯಾರೋ ಒಬ್ಬರು ನೀವು ನೀವು ಎಂದು ಮಾತಾಡಿಸುತ್ತ ಕೂತರೆ, ಬರಬರುತ್ತ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅತ್ತಲಿಂದ ನೋಡಿದರೆ ನಾನು ಬರೀ ಒಂದು ನೋಂದಣಿ ಸಂಖ್ಯೆ ಎಂಬುದೂ ಗೊತ್ತಿತ್ತು. ಸಂಖ್ಯೆಗೆ 'ನೀವು' ಅನ್ನುವ ಈ ವಿಚಿತ್ರ ಮರ್ಯಾದೆ ದೂರಶಿಕ್ಷಣದಲ್ಲಿ ಮಾತ್ರ ಇದೆಯೇನೋ.

ಕೆಲವು ಪುಸ್ತಕಗಳಲ್ಲಿ ನಡುನಡುವೆ 'ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ' ಎಂದು ಪ್ರಶ್ನೆ ಕೊಟ್ಟು, ಕೆಳಗೆ ನಾಲ್ಕಾರು ಚುಕ್ಕಿಗೆರೆ ಬಿಟ್ಟಿರುತ್ತಾರೆ. ಉತ್ತರ ಅಲ್ಲೇ ಬರೆಯಬೇಕು, ಆಮೇಲೆ ಘಟಕದ ಕೊನೆಯಲ್ಲಿರುವ ಉತ್ತರಕ್ಕೆ ಹೋಲಿಸಿಕೊಳ್ಳಬೇಕು. ಯಾರೂ ನೋಡುವುದಿಲ್ಲ, ಅಂಕವಿಲ್ಲ. ನನ್ನ ಹಾಗೆ ಕಟ್ಟಿದ ಎಷ್ಟೋ ಜನರ ಪುಸ್ತಕ ನೋಡಿದ್ದೇನೆ, ಆ ಗೆರೆಗಳು ಖಾಲಿಯೇ ಇರುತ್ತವೆ. ನಾನೂ ಮೊದಲ ಆರು ತಿಂಗಳು ಮುಟ್ಟಿರಲಿಲ್ಲ. ಬರೆಯಹತ್ತಿದ್ದು ಒಂದು ತಪ್ಪು ನೆನಪಾಗಿ.

ಡೈರಿಗೆ ಕಂಪ್ಯೂಟರ್ ಬರುವ ಮುಂಚೆ ಎಲ್ಲ ಕೈಬರಹ. ದಿನವಹಿಯಲ್ಲಿ ಬರೆದದ್ದನ್ನು ರಾತ್ರಿ ಕೂತು ಲೆಡ್ಜರಿಗೆ ಇಳಿಸಬೇಕು. ನಮ್ಮ ಸಂಘದಲ್ಲಿ ಲಕ್ಷ್ಮಮ್ಮಂದಿರೇ ನಾಲ್ವರು. ಒಮ್ಮೆ ಬಟವಾಡೆಯ ಹಿಂದಿನ ದಿನ ನಿದ್ದೆಗಣ್ಣಿನಲ್ಲಿ ಇಳಿಸುವಾಗ ಕಣ್ಣು ಒಬ್ಬ ಲಕ್ಷ್ಮಮ್ಮನಿಂದ ಇನ್ನೊಬ್ಬ ಲಕ್ಷ್ಮಮ್ಮನಿಗೆ ಹಾರಿತು. ನಡುವಿನ ಮೂರು ಹೆಸರು ಬಿಟ್ಟೇಹೋದವು, ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಸೇರಿತು. ಮಾರನೆಯ ದಿನ ಆದ ರಂಪ ಈಗಲೂ ಕಿವಿಯಲ್ಲಿದೆ. ತಪ್ಪು ಪೂರ್ತಿ ನನ್ನದೇ. ಇದಾಗಿ ಎಷ್ಟೋ ವರ್ಷದ ಮೇಲೆ ಗ್ರಂಥಸಂಪಾದನೆಯ ಪಾಠ ಓದುತ್ತಿದ್ದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಈ ವಿಷಯಕ್ಕೆ ಇವತ್ತಿಗೂ ಮೊದಲು ಕೈಹಾಕುವ ಪುಸ್ತಕ. ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರ ಎಲ್ಲೆಲ್ಲಿ ಎಡವುತ್ತಾನೆ ಎಂಬ ಮಾತು ಬಂತು. ಒಂದೇ ಪದ ಹತ್ತಿರದಲ್ಲೇ ಎರಡು ಸಲ ಬಂದರೆ ಕಣ್ಣು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರುತ್ತದೆ, ನಡುವಿನದು ಬಿದ್ದುಹೋಗುತ್ತದೆ. ಓದಿ ಪುಸ್ತಕ ಮುಚ್ಚಿಬಿಟ್ಟೆ. ಯಾವುದೋ ಶತಮಾನದಲ್ಲಿ ಎಣ್ಣೆದೀಪದ ಮುಂದೆ ಕೂತು ಗರಿಯ ಮೇಲೆ ಬರೆಯುವ ಕಂಟ ಒತ್ತುತ್ತಿದ್ದ ಆ ಮನುಷ್ಯನಿಗೂ ಮಾರನೆಯ ದಿನ ಬಟವಾಡೆ ಇತ್ತೇನೋ ಅನ್ನಿಸಿತು. ವಿದ್ವಾಂಸರೆಲ್ಲ ಸೇರಿ ಅವನಿಗೆ ಅಜಾಗರೂಕ ಅನ್ನುತ್ತಾರೆ. ನಾನು ಅನ್ನಲಾರೆ.

ಅದನ್ನೇ ಆ ಚುಕ್ಕಿಗೆರೆಗಳ ಮೇಲೆ ಬರೆದೆ. ನಾಲ್ಕು ಗೆರೆ ಸಾಲದೆ ಅಂಚಿಗೆ ಹೋದೆ, ಅಂಚು ಸಾಲದೆ ಹಳೆಯ ಹಾಲಿನ ರಿಜಿಸ್ಟರಿನ ಬೆನ್ನಿಗೆ ಹೋದೆ. ಹೆಸರು, ಲೀಟರ್, ಡಿಗ್ರಿ, ಫ್ಯಾಟು ಎಂದು ಗೆರೆ ಹೊಡೆದ ಹಾಳೆಗಳ ಹಿಂಬದಿ ಖಾಲಿ ಬಿದ್ದಿದ್ದವು. ಘಟಕದ ಕೊನೆಯಲ್ಲಿದ್ದ ಉತ್ತರದಲ್ಲಿ ಲಕ್ಷ್ಮಮ್ಮನೂ ಇರಲಿಲ್ಲ, ಬಟವಾಡೆಯೂ ಇರಲಿಲ್ಲ. ಆದರೂ ನನ್ನ ಉತ್ತರ ಸರಿ ಎಂಬುದರಲ್ಲಿ ಅನುಮಾನ ಬರಲಿಲ್ಲ. ತರಗತಿಯಲ್ಲಿ ಕೂತಿದ್ದರೆ ಇದನ್ನು ಕೈಯೆತ್ತಿ ಹೇಳುತ್ತಿದ್ದೆನೆ? ಹೇಳುತ್ತಿರಲಿಲ್ಲ. ನಾಚಿಕೊಳ್ಳುತ್ತಿದ್ದೆ. ಎದುರಿಗೆ ಯಾರೂ ಇಲ್ಲದ್ದರಿಂದ ಬಾಯಿ ಬಂತು.

ಏಕಲವ್ಯನ ಹೋಲಿಕೆಯನ್ನು ಇಂಥ ಲೇಖನಗಳಲ್ಲಿ ಯಾರಾದರೂ ತಂದೇ ತರುತ್ತಾರೆ. ಪ್ರವೇಶದ ದಿನ ನನಗೆ ಅರ್ಜಿ ತುಂಬಿಕೊಟ್ಟ ಸೈಬರ್ ಸೆಂಟರಿನ ಹುಡುಗನೂ ಹೇಳಿದ್ದ. ನನಗದು ಒಪ್ಪಿಗೆಯಿಲ್ಲ. ಏಕಲವ್ಯನಿಗೆ ಅಸೈನ್‌ಮೆಂಟ್ ಇರಲಿಲ್ಲ. ನಾನು ಗುರುದಕ್ಷಿಣೆಯನ್ನು ಮೊದಲೇ ಆನ್‌ಲೈನಿನಲ್ಲಿ ಕಟ್ಟಿ ರಸೀತಿ ಇಟ್ಟುಕೊಂಡಿದ್ದೆ, ಹೆಬ್ಬೆರಳು ಉಳಿದಿತ್ತು. ಉಳಿದದ್ದು ಒಳ್ಳೆಯದೇ ಆಯಿತು, ಪರೀಕ್ಷೆಯಲ್ಲಿ ಮೂರು ಗಂಟೆ ಬರೆಯಬೇಕಲ್ಲ. ಕಂಪ್ಯೂಟರ್ ಬಂದ ಮೇಲೆ ಕೈ ಬಿದ್ದುಹೋಗಿತ್ತು. ಮೊದಲ ಪತ್ರಿಕೆಯ ದಿನ ಎರಡನೆಯ ಗಂಟೆಗೇ ಬೆರಳು ಮರಗಟ್ಟಿ, ಕುಮಾರವ್ಯಾಸನ ರೂಪಕಗಳನ್ನು ಕಾಗೆ ಕಾಲಿನಲ್ಲಿ ಬರೆದು ಬಂದೆ. ಬಸ್‌ಸ್ಟ್ಯಾಂಡಿನ ಅಂಗಡಿಯ ಗೈಡು ಉರುಹೊಡೆದವರು ನನಗಿಂತ ಬೇಗ ಮುಗಿಸಿ ಹೊರಟರು. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಬಡ್ತಿಗಾಗಿ ಕಟ್ಟಿದವರಿಗೆ ಕುಮಾರವ್ಯಾಸ ಯಾಕೆ ಬೇಕು?

ಸಂಪರ್ಕ ತರಗತಿಗೆ ಮೈಸೂರಿಗೆ ಹೋಗಬೇಕು. ಆ ದಿನಗಳಲ್ಲಿ ಹಾಲಿನ ಜವಾಬ್ದಾರಿ ಓರಗಿತ್ತಿಯದು. ಹೊಳೆನರಸೀಪುರದಲ್ಲಿ ರೈಲು ಹತ್ತಿದರೆ ಕೃಷ್ಣರಾಜನಗರ ದಾಟಿ ಮೈಸೂರು. ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿಯ ಪಕ್ಕದಲ್ಲೇ ಮುಕ್ತಗಂಗೋತ್ರಿ. ಮೈಸೂರು ವಿಶ್ವವಿದ್ಯಾನಿಲಯದ ಆ ಹಳೆಯ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಿಂದ ಮುಕ್ತ ವಿಶ್ವವಿದ್ಯಾನಿಲಯವಾಗಿ ನಿಂತಿರುವುದು. ವಿದ್ಯಾರ್ಥಿಗಳೆಂದರೆ ಕನಕಾಂಬರ ಮುಡಿದ ಮೇಷ್ಟ್ರಮ್ಮಂದಿರು, ಒಬ್ಬ ಕಾನ್‌ಸ್ಟೇಬಲ್ಲು, ಒಬ್ಬ ಸಿಸ್ಟರು, ಕರೆಂಟು ಇಲಾಖೆಯಿಂದ ನಿವೃತ್ತರಾದ ಲೈನ್‌ಮನ್ನು, ಡ್ಯೂಟಿ ಬದಲಾಯಿಸಿಕೊಂಡು ಬಂದ ಬಸ್ ಕಂಡಕ್ಟರು. ಬೆಂಚಿನಲ್ಲಿ ಕೂತಾಗ ಎಲ್ಲರ ಮೊಣಕಾಲೂ ಡೆಸ್ಕಿಗೆ ತಾಗುತ್ತಿತ್ತು.

ಪಂಪಭಾರತದ ಪಾಠ ನಡೆಯುತ್ತಿತ್ತು. ಕರ್ಣನ ಋಣದ ಮಾತು. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳಿದ ಮೇಲೂ ಕರ್ಣ ದುರ್ಯೋಧನನನ್ನು ಯಾಕೆ ಬಿಡಲಿಲ್ಲ ಎಂದು ಮೇಷ್ಟ್ರು ಕೇಳಿದರು. ಎಲ್ಲರೂ ಸುಮ್ಮನಿದ್ದೆವು, ಸಿದ್ಧಪಾಠದ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಕಂಡಕ್ಟರು ಎದ್ದರು. 'ಸಾರ್, ಟಿಕೆಟ್ ಹಿಂದೆ ಚಿಲ್ಲರೆ ಬರ್ಕೊಡ್ತೀವಲ್ಲ, ಹಂಗೆ ಇದು. ದಾರಿಯುದ್ದಕ್ಕೂ ಕೊಡೋನೂ ಮರ್ತಿರ್ತಾನೆ, ಇಸ್ಕೊಳೋನೂ ಮರ್ತಿರ್ತಾನೆ. ಇಳಿಯೋ ಸ್ಟಾಪು ಬಂದಾಗ್ಲೇ ಇಬ್ರಿಗೂ ನೆಪ್ಪಾಗದು. ಕರ್ಣನ ಸ್ಟಾಪು ಬಂದಿತ್ತು ಸಾರ್.' ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದು, ಜೇಬಿನಿಂದ ಪೆನ್ನು ತೆಗೆದು ತಮ್ಮ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಆ ಕಂಡಕ್ಟರು ವೇಬಿಲ್ಲಿನ ಹಳೆಯ ಹಾಳೆಗಳ ಹಿಂದೆ ನೋಟ್ಸ್ ಮಾಡುತ್ತಿದ್ದರು. ಮಡಿಸಿ ಟಿಕೆಟಿನ ಚೀಲದಲ್ಲಿ ಇಟ್ಟುಕೊಂಡು, ಬಸ್ಸು ಖಾಲಿಯಿದ್ದಾಗ ತೆಗೆದು ಓದುತ್ತಿದ್ದರಂತೆ.

ಕಾನ್‌ಸ್ಟೇಬಲ್ಲಿಗೆ ಕೇಶಿರಾಜ ಎಂದರೆ ಪ್ರಾಣ. ನಾವೆಲ್ಲ ಶಬ್ದಮಣಿದರ್ಪಣ ಎಂದರೆ ಬೆಚ್ಚುತ್ತಿದ್ದಾಗ ಆತ ಮಾತ್ರ ನಿರಾಳ. 'ಏನಿಲ್ಲ ಮೇಡಂ. ಸೂತ್ರ ಅಂದ್ರೆ ಸೆಕ್ಷನ್ನು. ವೃತ್ತಿ ಅಂದ್ರೆ ಎಕ್ಸ್‌ಪ್ಲನೇಷನ್ನು. ಪ್ರಯೋಗ ಅಂದ್ರೆ ಕೆಳಗೆ ಕೊಡೋ ಇಲ್ಲಸ್ಟ್ರೇಷನ್ನು. ನಮ್ ಬುಕ್ಕೂ ಹಂಗೇ ಇರೋದು.' 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಾಗ ಪಾಪ, ಆತ ಸೆಕ್ಷನ್ ನಂಬರುಗಳನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. 'ಕೇಶಿರಾಜನೇ ವಾಸಿ, ಹದಿಮೂರನೇ ಶತಮಾನದಿಂದ ಒಂದು ನಂಬರೂ ಬದಲಾಗಿಲ್ಲ' ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಬೀಟಿನ ನಡುವೆ ಬರೆದಿದ್ದ.

ಆ ತರಗತಿಗಳು ಬೇಗ ಮುಗಿದುಹೋಗುತ್ತವೆ. ಆಮೇಲೆ ಮತ್ತೆ ಒಬ್ಬಂಟಿ. ಮನೆತುಂಬ ಜನರಿದ್ದೂ ಓದಿದ್ದನ್ನು ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಈ ಓದಿನ ನಿಜವಾದ ಕಷ್ಟ. ಹರಿಹರನ ರಗಳೆಯೊಂದನ್ನು ಓದಿ ಮುಗಿಸಿ ಕಣ್ಣೊರೆಸಿಕೊಂಡು ಹೊರಗೆ ಬಂದರೆ ಗಂಡ 'ಈರುಳ್ಳಿ ಹೆಚ್ಚಿದ್ಯಾ?' ಅಂದರು. ಹೌದು ಅಂದೆ.

ಕೇಳುವವರು ಕೊನೆಗೆ ಸಿಕ್ಕಿದ್ದು ಡೈರಿಯ ಸರದಿಯಲ್ಲೇ. ಜಾನಪದದ ಪತ್ರಿಕೆಗೆ ಅಸೈನ್‌ಮೆಂಟ್ ಬರೆಯಬೇಕಿತ್ತು. ಒಂದೇ ಕೃತಿ ಪ್ರತಿಯಿಂದ ಪ್ರತಿಗೆ ಬೇರೆಯಾಗುವ ಪಾಠಾಂತರದ ಗುಂಗು ಇನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ ಕರೆಂಟು ಹೋಗಿ ಫ್ಯಾಟು ಮಿಷನ್ನು ನಿಂತಿತು, ಇಪ್ಪತ್ತು ಹೆಂಗಸರು ಕ್ಯಾನು ಹಿಡಿದು ಕಾಯುತ್ತಿದ್ದರು. ಸುಮ್ಮನೆ ಬಾಯಿಬಿಟ್ಟೆ, ಗೋವಿನ ಹಾಡು ಯಾರಿಗಾದರೂ ಪೂರ್ತಿ ಬರುತ್ತದಾ ಅಂತ. ಬರೆದವರು ಯಾರೆಂದೇ ತಿಳಿಯದ, ಕನ್ನಡ ಶಾಲೆಗೆ ಹೋದವರೆಲ್ಲ ಕೇಳಿರುವ ಹಾಡು. ಇಬ್ಬರು ಶುರುಮಾಡಿದರು. ಸ್ವಲ್ಪ ದೂರ ಜೊತೆಗೆ ಹೋದ ಧ್ವನಿಗಳು ಕಾಳಿಂಗ ಗೊಲ್ಲನ ಹತ್ತಿರ ಬೇರೆಯಾದವು. 'ಹಂಗಲ್ಲ ಕಣೆ', 'ನಮ್ಮೂರಲ್ಲಿ ಹಿಂಗೇಯ' ಎಂದು ಜಗಳ. ಪುಸ್ತಕದಲ್ಲಿ ಓದಿದ ಪಾಠಾಂತರ ಕ್ಯಾನು ಹಿಡಿದು ಎದುರು ನಿಂತಿತ್ತು. ನಾನು ರಿಜಿಸ್ಟರಿನ ಬೆನ್ನು ತಿರುಗಿಸಿದೆ.

ಹುಲಿಯ ಘಟ್ಟ ಬಂದಾಗ ಗೋಡೆಗೊರಗಿ ಕೂತಿದ್ದ ಅಜ್ಜಿಯೊಬ್ಬರು ತಡೆದರು. ದಿನಾ ಒಂದೂವರೆ ಲೀಟರು ತರುವವರು, ಹೆಚ್ಚು ಮಾತಿಲ್ಲ. 'ಹುಲಿ ಸಾಯಾಕಿಲ್ಲ' ಅಂದರು. ಎಲ್ಲರೂ ಅವರತ್ತ ತಿರುಗಿದೆವು. ಪಾಠದ ಪುಸ್ತಕದಲ್ಲಿ ಹುಲಿ ನೊಂದು ಹಾರಿ ಪ್ರಾಣ ಬಿಡುತ್ತದೆ. 'ಸತ್ರೆ ಪಾಪ ಯಾರ್ಗೆ ಸುತ್ಕೊಳದು? ಪುಣ್ಯಕೋಟಿಗೇ ತಾನೆ? ಆಮೇಕೆ ಅವ್ಳು ಕರೀಗೆ ಹೆಂಗೆ ಹಾಲು ಕುಡಿಸ್ತಾಳೆ? ನಮ್ಮವ್ವ ಹೇಳೋವಾಗ ಹುಲಿ ಹೊಂಟೋಯ್ತದೆ. ಹಸ್ಕೊಂಡೇ ಹೊಂಟೋಯ್ತದೆ.' ಅವರ ಪಕ್ಕದವಳು, ಮೂರು ಎಚ್‌ಎಫ್ ಹಸು ಕಟ್ಟಿರುವ ಸೊಸೆ, ನಕ್ಕು 'ಅಷ್ಟು ದೂರ ನಡೆದು ಹೆದರ್ಕೊಂಡು ಬಂದ ಹಸ ಸಂಜೆ ತೊರೆ ಬಿಡ್ತದಾ ಅಜ್ಜಿ?' ಅಂದಳು. ಅಜ್ಜಿ ಅವಳ ಕಡೆ ನೋಡಲೂ ಇಲ್ಲ.

ಮೂರು ರಾತ್ರಿ ಕೂತು ಬರೆದೆ. ಅಷ್ಟು ವರ್ಷದಲ್ಲಿ ನಾನು ಬರೆದದ್ದರಲ್ಲಿ ಯಾವ ಪುಸ್ತಕದಿಂದಲೂ ಇಳಿಸದ ಮೊದಲ ಬರಹ ಅದು. ಹಾಡಿನ ಮೂರು ಪಾಠ, ಎಲ್ಲೆಲ್ಲಿ ಬೇರೆಯಾಗುತ್ತವೆ, ಹಾಲು ಮಾರಿ ಬದುಕುವವರು ಹುಲಿಯನ್ನು ಯಾಕೆ ಉಳಿಸಿಕೊಳ್ಳುತ್ತಾರೆ. ಆ ಹುಲಿಯ ಹಸಿವಿನ ಬಗ್ಗೆ ಒಂದು ಪುಟ ಹೆಚ್ಚಾಗಿಯೇ ಬರೆದಿದ್ದೆ. ಬರೆಯುತ್ತ ಬರೆಯುತ್ತ ಅದು ಉತ್ತರದ ಹಾಗಿರದೆ ಕಥೆಯ ಹಾಗಾಗಿತ್ತು. ಹಾಗೇ ಬಿಟ್ಟೆ. ತಿದ್ದಿದ ಅಸೈನ್‌ಮೆಂಟನ್ನು ಮುಂದಿನ ಸಂಪರ್ಕ ತರಗತಿಯಲ್ಲಿ ನೋಡುವುದಕ್ಕೆ ಸಿಕ್ಕಿತು. ಅಂಕ ಚೆನ್ನಾಗಿಯೇ ಇತ್ತು. ಅಜ್ಜಿಯ ಮಾತಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: 'ಆಕರ?'

ಸರಿಯಾದ ಪ್ರಶ್ನೆಯೇ. ಜಾನಪದ ಸಂಗ್ರಹದಲ್ಲಿ ಹಾಡು ಹೇಳಿದವರನ್ನು ವಕ್ತೃ ಅನ್ನುತ್ತಾರೆ. ಹೆಸರು, ವಯಸ್ಸು, ಊರು ಬರೆಯಬೇಕು. ವರ್ಷಗಟ್ಟಲೆ ದಿನಕ್ಕೆರಡು ಸಲ ಆ ಅಜ್ಜಿಯ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟವಳಿಗೆ ಅವರ ಹೆಸರು ನೆನಪಿರಲಿಲ್ಲ. ಕಂಪ್ಯೂಟರಿಗೆ ನಂಬರು ಒತ್ತಿದರೆ ಸಾಕಾಗಿತ್ತು. ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಅವರ ಸರದಿ ಬಂದಾಗ ಕೇಳಿದೆ.

'ಅಜ್ಜಿ, ನಿಮ್ಮ ಹೆಸರು ಹೇಳಿ, ಬರ್ಕೋಬೇಕು.'

'ಯಾತುಕ್ಕೆ? ದುಡ್ಡು ಕಟ್ ಮಾಡ್ತಾರಾ?'

'ಇಲ್ಲ ಅಜ್ಜಿ. ಹುಲಿ ಕಥೆ ಹೇಳಿದ್ರಲ್ಲ, ಅದು ನೀವೇ ಹೇಳಿದ್ದು ಅಂತ ಮೈಸೂರಿಗೆ ಕಳಿಸ್ಬೇಕು.'

ಅವರು ಕ್ಯಾನಿನ ಮುಚ್ಚಳ ಬಿಗಿ ಮಾಡಿಕೊಂಡು ನನ್ನನ್ನೇ ನೋಡಿದರು. 'ನಾನೆಲ್ಲಿ ಹೇಳ್ದೆ? ನಮ್ಮವ್ವ ಹೇಳಿದ್ದು. ಅವಳ ಹೆಸರು ಬರ್ಕೋ. ನಂದು ಬ್ಯಾಡ, ನಂದು ನಿನ್ ಬುಕ್ಕಲ್ಲೇ ಅದಲ್ಲ, ನಲವತ್ತೇಳು.' ಆಮೇಲೆ, ಹೋಗಲು ತಿರುಗಿದವರು ನಿಂತು ಕೇಳಿದರು, 'ಡಿಗ್ರಿ ಎಷ್ಟು ಬಂತವ್ವ?'